ಕೊನೆಗಾರರ ಹಗ್ಗದಿಂದ ದೋಟಿಯವರೆಗೆ

ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಠೇವಣಿ, ಸಾಲದ ಲೆಕ್ಕವನ್ನು ಬೇರೆಯವರು ಬರೆದಿದ್ದಾರೆ. ನಾವು ಅಡಿಕೆ ಮರ ಹತ್ತುವವರ ಸಂಗತಿ ಬರೆಯುತ್ತೇವೆ.

ಕೊಳೆರೋಗಕ್ಕೆ ಹಿಂದಿನವರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಬೋರ್ಡೋ ದ್ರಾವಣ ತೋರಿಸಿಕೊಟ್ಟರು. ಆದರೂ ಮರ ಹತ್ತೋದು ತಪ್ಪಲಿಲ್ಲ. ನುರಿತ ಕೊನೆಗಾರ ಕಾಲಿಗೆ ತಳೆ ಹಾಕಿ ಒಮ್ಮೆ ಹತ್ತಿದರೆ, ಮರ ಬಾಗಿಸಿ ಪಕ್ಕದ ಮರ ಹಿಡಿದು, ಇಳಿಯದೆಯೇ ಸಾಲು ಮುಗಿಸುತ್ತಿದ್ದ. ಗೊನೆ ಹಗ್ಗದ ಮೇಲೆ ಜಾರಿ ಕೆಳಗಿದ್ದವನ ಕೈಗೆ ಬರುತ್ತಿತ್ತು.

ಭದ್ರಾ ನಾಲೆ ಬಂದ ಮೇಲೆ ಭದ್ರಾವತಿ ಕಡೆ ಗದ್ದೆಗಳೂ ತೋಟವಾದವು. ಮರ ಹೆಚ್ಚಿತು, ಹತ್ತುವವರು ಹೆಚ್ಚಲಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಕೊಂಬೆ ಕಡಿಯುವ ತೊಟ್ಟಿಲು ಲಾರಿ ತೋಟಕ್ಕೆ ಯಾಕೆ ಬಾರದು ಅಂತ ಒಬ್ಬರು ಮಹಾಸಭೆಯಲ್ಲಿ ಕೇಳಿದರು. 9 ಅಡಿಗೊಂದು ಮರ, ನಡುವೆ ಬಸಿಗಾಲುವೆ. ಬಂದರೆ ಅಲ್ಲೇ ಹೂತೀತು! ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರ ಮರ ಹತ್ತುವ ಬೈಕು 2019ರಲ್ಲಿ ದೇಶಕ್ಕೇ ಹೆಸರಾಯಿತು. ಸರಸರ ಏರುತ್ತೆ, ಆದರೆ ಪ್ರತಿ ಮರಕ್ಕೂ ಇಳಿದು ಮತ್ತೆ ಕಟ್ಟಬೇಕು.

ನಮ್ಮಲ್ಲಿ ನೆಲೆ ನಿಂತದ್ದು ಕಾರ್ಬನ್ ಫೈಬರ್ ದೋಟಿ. ನೆಲದಲ್ಲೇ ನಿಂತು 60 ಅಡಿ ಮೇಲಿನ ಗೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಕತ್ತು ನೋಯುತ್ತದೆ. ಕರೆಂಟ್ ತಂತಿಗೆ ತಗುಲಿದರೆ ಜೀವವೇ ಹೋದೀತು, ಸದಸ್ಯರು ಜೋಕೆ. ಆದರೆ ಬೀಳುವ ಭಯವಿಲ್ಲ.

ನಮ್ಮೂರಲ್ಲಿ ಮರದಿಂದ ಬಿದ್ದು ಸೊಂಟ ಕಳೆದುಕೊಂಡ ಕೊನೆಗಾರರೊಬ್ಬರಿದ್ದಾರೆ. ನಮ್ಮಪ್ಪಂದಿರ ತೋಟಗಳನ್ನೆಲ್ಲ ಹತ್ತಿದವರು. ಜಮೀನಿಲ್ಲ, ಹಾಗಾಗಿ ಸಂಘದ ಸದಸ್ಯರೂ ಅಲ್ಲ. ದೋಟಿ ಸಾಲದ ಠರಾವನ್ನು ನಾವು ಐದು ನಿಮಿಷದಲ್ಲಿ ಪಾಸು ಮಾಡಿದೆವು. ಅವರ ಸಹಾಯಧನದ ಅರ್ಜಿ ಮಾತ್ರ ಎರಡು ಸಭೆ ಮುಂದಕ್ಕೆ ಹೋಯಿತು. ಆ ಎರಡೂ ಸಭೆಯಲ್ಲಿ ನಾವು ಕೂತಿದ್ದೆವು.