ಲಿಖಿತ ಸಂವಿಧಾನದ ಗುಣದೋಷಗಳು

ಪ್ರಜಾಪ್ರಭುತ್ವದಲ್ಲಿ ಲಿಖಿತ ಸಂವಿಧಾನವು ಪ್ರಜೆಗಳಿಗೆ ರಕ್ಷೆಯೋ, ಅಧಿಕಾರಾರೂಢರಿಗೆ ಸಾಧನವೋ ಎಂಬ ಪ್ರಶ್ನೆಗೆ ಭಾರತದ ಇತಿಹಾಸವು ಎರಡು ಬಗೆಯ ಉತ್ತರಗಳನ್ನಿತ್ತಿದೆ.

ಕಾಸರಗೋಡು ಸೀಮೆಯ ಎಡನೀರು ಮಠಾಧೀಶರಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1973ರ ಏಪ್ರಿಲ್ 24ರಂದು ಹದಿಮೂವರು ನ್ಯಾಯಮೂರ್ತಿಗಳ ಪೀಠವು, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು ಏಳು-ಆರರ ಬಹುಮತದಿಂದ ತೀರ್ಪಿತ್ತಿತು. ಒಂದೇ ಸಂವಿಧಾನ ಗ್ರಂಥವಿಲ್ಲದೆ, ಸಂಸತ್ತೇ ಪರಮಾಧಿಕಾರಿಯಾಗಿರುವ ಬ್ರಿಟನ್ನಿನಲ್ಲಿ ಇಂತಹ ತೀರ್ಪಿಗೆ ಆಸ್ಪದವಿಲ್ಲ. ಲಿಖಿತ ಸಂವಿಧಾನದ ಹಿರಿಮೆ ಇಲ್ಲಿದೆ.

ಆದರೆ ಎರಡೇ ವರ್ಷಗಳಲ್ಲಿ ಅದರ ಕುಂದೂ ಬಯಲಾಯಿತು. 1975ರ ಜೂನ್ 25ರ ತುರ್ತುಪರಿಸ್ಥಿತಿಗೆ ಆಧಾರವಾದುದು ಅದೇ ಸಂವಿಧಾನದ 352ನೆಯ ವಿಧಿ, ಅದರೊಳಗಿನ ‘ಆಂತರಿಕ ಕ್ಷೋಭೆ’ಯೆಂಬ ಸಡಿಲವಾದ ಮಾತು. ವಿಚಾರಣೆಯಿಲ್ಲದೆ ಬಂಧಿತರಾದವರ ಮೊರೆಯನ್ನು 1976ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮನ್ನಿಸಲಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತವಿತ್ತರು. 1973ರ ತೀರ್ಪಿನಲ್ಲಿ ನಿರ್ಣಾಯಕವಾಗಿದ್ದುದೂ ಅವರ ಅಭಿಪ್ರಾಯವೇ.

1978ರ 44ನೆಯ ತಿದ್ದುಪಡಿಯು ಆ ಸಡಿಲ ಮಾತಿನ ಸ್ಥಾನದಲ್ಲಿ ‘ಸಶಸ್ತ್ರ ಬಂಡಾಯ’ವೆಂಬುದನ್ನಿರಿಸಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದಂತೆ ಮಾಡಿತು. ಬರೆದಿಟ್ಟುದರಿಂದಲೇ ದೋಷವೆಲ್ಲಿದೆಯೆಂದು ಕಾಣಲೂ ತಿದ್ದಲೂ ಸಾಧ್ಯವಾಯಿತು. ಆದರೆ ಅಕ್ಷರವನ್ನು ಕಾಯುವ ಹೊಣೆ ಅದನ್ನು ನಡೆಸುವವರದೇ ಆಗಿದೆ.