ಬೆರಳಚ್ಚಿನಿಂದ ಮುಖದವರೆಗೆ

ಬೆಂಗಳೂರು ಏರ್‌ಪೋರ್ಟಲ್ಲಿ ಡಿಜಿ ಯಾತ್ರಾ ಶುರುವಾಗಿದ್ದು 2022ರ ಡಿಸೆಂಬರ್ 1ಕ್ಕೆ. ಕ್ಯಾಮೆರಾ ಮುಖ ನೋಡುತ್ತೆ, ಗೇಟ್ ತೆರೆಯುತ್ತೆ. ಇಷ್ಟ ಇದ್ರೆ ಮಾತ್ರ ಬಳಸಿ ಅನ್ನೋದು ನಿಯಮ.

ಈ ‘ಇಷ್ಟ ಇದ್ರೆ’ ಅನ್ನೋ ಮಾತಿಗಾಗಿ ಹಿಂದೊಮ್ಮೆ ದೊಡ್ಡ ಜಗಳವೇ ನಡೆದಿದೆ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರು ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಲೇಬೇಕು ಅಂತ 1907ರಲ್ಲಿ ಕಾನೂನು ಬಂತು. ಗಾಂಧಿ ಒಪ್ಪಲಿಲ್ಲ, ಜೈಲಿಗೆ ಹೋದರು. 1908ರ ಜನವರಿಯಲ್ಲಿ ಸ್ಮಟ್ಸ್ ಜೊತೆ ರಾಜಿ ಆಯ್ತು. ನಾವಾಗೇ ಕೊಡ್ತೀವಿ, ನೀವು ಕಾನೂನು ವಾಪಸ್ ತಗೊಳ್ಳಿ ಅನ್ನೋದು ಗಾಂಧಿ ಲೆಕ್ಕ. ನೋಂದಣಿಗೆ ಹೊರಟಾಗ, ರಾಜಿಯಿಂದ ಸಿಟ್ಟಾಗಿದ್ದ ನಮ್ಮವರ ಕೈಲೇ ಪೆಟ್ಟು ತಿಂದರು. ಆದರೂ ಬೆರಳಚ್ಚು ಕೊಟ್ಟರು. ಕಾನೂನು ಮಾತ್ರ ಹಾಗೇ ಉಳೀತು! ಆಗಸ್ಟ್ 16ಕ್ಕೆ ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿ ಹತ್ತಿರ ಜನ ಸರ್ಟಿಫಿಕೇಟ್‌ಗಳನ್ನು ಕಡಾಯಿಗೆ ಹಾಕಿ ಸುಟ್ಟರು.

ಅದು ಕಾಗದ, ಸುಡಬಹುದಿತ್ತು. ಮುಖಕ್ಕೇನು ಮಾಡೋಣ ಹೇಳಿ?

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದರಲ್ಲ, ಅದೇ ಕೇಸಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದ್ದು. ಹಾಗಾಗಿ ಗೇಟ್ ಹತ್ತಿರ ಯಾರಾದ್ರೂ ಫೋನ್ ಇಸ್ಕೊಂಡು ‘ಆ್ಯಪ್ ಹಾಕ್ಕೊಡ್ತೀನಿ’ ಅಂದ್ರೆ, ಬೇಡ ಅನ್ನಬಹುದು. ಐಡಿ ಕಾರ್ಡ್ ತೋರಿಸಿ ಒಳಗೆ ಹೋಗೋ ಸಾಲು ಪಕ್ಕದಲ್ಲೇ ಇರುತ್ತೆ.