ಎರಡು ಗಂಟೆ ಯೂಟ್ಯೂಬ್ ಎಲ್ಲಿಗೆ ಹೋಗಿತ್ತು?

(1/5)
2008ರ ಫೆಬ್ರವರಿ 24, ಭಾನುವಾರ ರಾತ್ರಿ. ನಮ್ಮ ಗಡಿಯಾರದಲ್ಲಿ ಹನ್ನೆರಡು ದಾಟಿ 17 ನಿಮಿಷ. ಆ ಹೊತ್ತಿಂದ ಹಲವು ದೇಶಗಳಲ್ಲಿ ಯೂಟ್ಯೂಬ್ ತೆರೆಯೋದೇ ನಿಂತುಹೋಯ್ತು. ಯಾರೂ ಹ್ಯಾಕ್ ಮಾಡಿರಲಿಲ್ಲ, ಸರ್ವರ್ ಕೆಟ್ಟಿರಲಿಲ್ಲ, ಸಮುದ್ರದಡಿ ಕೇಬಲ್ ಕೂಡ ತುಂಡಾಗಿರಲಿಲ್ಲ. ಪಾಕಿಸ್ತಾನದಿಂದ ಒಂದೇ ಒಂದು ರೂಟ್ ಹೊರಗೆ ಸೋರಿತ್ತು, ಅಷ್ಟೇ.

ಲ್ಯಾಬ್‌ನಲ್ಲಿ ರೂಟರ್‌ಗೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತೀವಲ್ಲ? ಈ ಕಥೆ ಅಂಥದ್ದೇ ಒಂದು ಸಾಲಿನದು. ಪೂರ್ತಿ ಓದಿ.

(2/5)
ಅಲ್ಲಿನ ಸರ್ಕಾರಕ್ಕೆ ಒಂದು ವಿಡಿಯೋ ಆಕ್ಷೇಪಾರ್ಹ ಅನ್ನಿಸ್ತು. ಯೂಟ್ಯೂಬನ್ನು ತಡೆಯಿರಿ ಅಂತ ದೂರಸಂಪರ್ಕ ಪ್ರಾಧಿಕಾರದಿಂದ ಆದೇಶ ಬಂತು. ಪಾಕಿಸ್ತಾನ್ ಟೆಲಿಕಾಂ ಅದನ್ನ ರೂಟಿಂಗ್ ಮೂಲಕವೇ ಜಾರಿ ಮಾಡಿತು: "208.65.153.0/24 ಇರೋದು ನನ್ನ ಹತ್ರ" ಅಂತ ಘೋಷಿಸಿತು. ಯೂಟ್ಯೂಬ್ ತಾಣದ ವಿಳಾಸಗಳಿದ್ದದ್ದು ಈ ಗುಂಪಿನಲ್ಲೇ.

ಈ ಮಾತು ದೇಶದ ಒಳಗೇ ಉಳಿಯಬೇಕಿತ್ತು. ಆದರೆ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯೂ ಕಂಪನಿಯ ಜಾಲಕ್ಕೂ ಹೋಯಿತು. ಪಾಕಿಸ್ತಾನ್ ಟೆಲಿಕಾಂಗೆ ಹೊರಜಗತ್ತಿನ ಸಂಪರ್ಕ ಕೊಡ್ತಿದ್ದ ಕಂಪನಿ ಅದು. ಅವರು ಪರೀಕ್ಷಿಸದೆ ಹಾಗೇ ಮುಂದಕ್ಕೆ ಸಾಗಿಸಿದರು. ಕೆಲವೇ ನಿಮಿಷದಲ್ಲಿ ಜಗತ್ತಿಗೆಲ್ಲ ಸುದ್ದಿ ಮುಟ್ಟಿತು.

(3/5)
ಸರಿ, ಅಸಲಿ ಯೂಟ್ಯೂಬ್ ಇರುವಾಗ ಈ ಸುಳ್ಳು ವಿಳಾಸ ಗೆದ್ದದ್ದು ಹೇಗೆ?

ಯೂಟ್ಯೂಬ್ ಘೋಷಿಸಿದ್ದು 208.65.152.0/22, ಅಂದ್ರೆ 1024 ವಿಳಾಸಗಳ ದೊಡ್ಡ ಗುಂಪು. ಪಾಕಿಸ್ತಾನದಿಂದ ಬಂದದ್ದು ಅದರೊಳಗಿನ /24, ಬರೀ 256 ವಿಳಾಸ. ಒಂದು ವಿಳಾಸಕ್ಕೆ ಎರಡು ದಾರಿ ಹೊಂದಿದರೆ ರೂಟರ್ ಯಾವಾಗಲೂ ಹೆಚ್ಚು ನಿಖರವಾದದ್ದನ್ನೇ ಆರಿಸುತ್ತೆ. ಒಬ್ಬ "ಇಡೀ ತಾಲ್ಲೂಕಿನ ಟಪಾಲು ನನಗೆ ಕೊಡಿ" ಅಂತಾನೆ, ಇನ್ನೊಬ್ಬ "ಈ ಬೀದಿಯದು ನನಗೆ ಕೊಡಿ" ಅಂತಾನೆ ಅಂದ್ಕೊಳ್ಳಿ. ಆ ಬೀದಿಯ ಕಾಗದ ಎರಡನೆಯವನ ಕೈಗೇ ಹೋಗುತ್ತೆ. ಅವನು ನಿಜ ಹೇಳ್ತಿದಾನಾ ಅಂತ ಯಾರೂ ಕೇಳಲ್ಲ.

ಯೂಟ್ಯೂಬ್ ಎಂಜಿನಿಯರ್‌ಗಳು ಇದೇ ನಿಯಮವನ್ನ ತಿರುಗಿಸಿ ಬಳಸಿದರು. 1:37ಕ್ಕೆ ತಾವೂ ಅದೇ /24 ಘೋಷಿಸಿದರು. ಈಗ ಇಬ್ಬರದೂ ಸಮ ಆಯ್ತು. 1:48ಕ್ಕೆ ಅದನ್ನೂ ಅರ್ಧಕ್ಕೆ ಸೀಳಿ ಎರಡು /25 ಘೋಷಿಸಿದರು, ತಲಾ 128 ವಿಳಾಸ. ಇವು ಇನ್ನೂ ನಿಖರ, ಹಾಗಾಗಿ ತಲುಪಿದ ಕಡೆಯೆಲ್ಲ ದಾರಿ ವಾಪಸ್ ಬಂತು. ಕೊನೆಗೆ 2:31ಕ್ಕೆ ಪಿಸಿಸಿಡಬ್ಲ್ಯೂ ಆ ಸುಳ್ಳು ರೂಟನ್ನ ಹಿಂತೆಗೆದುಕೊಂಡಿತು.

(4/5)
ರೂಟರ್‌ಗಳು ಇಷ್ಟು ಸುಲಭವಾಗಿ ನಂಬೋದು ಯಾಕೆ? ಅದಕ್ಕೆ 1989ಕ್ಕೆ ಹೋಗಬೇಕು.

ಆ ವರ್ಷ ಜನವರಿಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಇಂಟರ್ನೆಟ್ ಎಂಜಿನಿಯರ್‌ಗಳ ಸಭೆ. ಊಟದ ಹೊತ್ತಲ್ಲಿ ಸಿಸ್ಕೋದ ಕರ್ಕ್ ಲೋಹೀಡ್ ಮತ್ತು ಐಬಿಎಂನ ಯಾಕೊವ್ ರೆಖ್ಟರ್ ಕೈ ಒರೆಸುವ ಪೇಪರ್ ನ್ಯಾಪ್ಕಿನ್ ಮೇಲೆ ಒಂದು ಹೊಸ ಪ್ರೋಟೋಕಾಲ್ ಗೀಚಿದರು. ಅದೇ ಬಿಜಿಪಿ, ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. ಜೂನ್‌ನಲ್ಲಿ ಪ್ರಕಟವಾಯಿತು. ಜಾಲಗಳು ಪರಸ್ಪರ ದಾರಿ ಹೇಳಿಕೊಳ್ಳೋದು ಇವತ್ತಿಗೂ ಇದರಲ್ಲೇ.

ಆಗಿನ ಇಂಟರ್ನೆಟ್ ಚಿಕ್ಕದು, ಪರಿಚಿತರ ಊರಿನಂತೆ. ಹೇಳಿದ್ದನ್ನ ನಂಬೋದೇ ಪದ್ಧತಿ. ಊರು ಬೆಳೆದು ಜಗತ್ತಾಯಿತು, ಪದ್ಧತಿ ಮಾತ್ರ ಹಾಗೇ ಉಳಿಯಿತು. 1997ರ ಏಪ್ರಿಲ್ 25ರಂದೇ ಇದರ ಬಿಸಿ ತಟ್ಟಿತ್ತು. ಅಮೆರಿಕದ ಎಎಸ್ 7007 ಅನ್ನೋ ಜಾಲ ಬೇರೆಯವರ ರೂಟ್‌ಗಳನ್ನ /24 ತುಂಡುಗಳಾಗಿ ತನ್ನದೇ ಅಂತ ಹೊರಗೆ ಬಿಟ್ಟಾಗ ಇಂಟರ್ನೆಟ್‌ನ ದೊಡ್ಡ ಭಾಗ ತತ್ತರಿಸಿತ್ತು. ಅಂದರೆ 2008ಕ್ಕೂ 11 ವರ್ಷ ಮೊದಲೇ ಎಚ್ಚರಿಕೆ ಸಿಕ್ಕಿತ್ತು.

(5/5)
ಈಗ ಆರ್‌ಪಿಕೆಐ ಅನ್ನೋ ವ್ಯವಸ್ಥೆ ಇದೆ. 2012ರಲ್ಲಿ ಅದರ ಚೌಕಟ್ಟು ಪ್ರಕಟವಾಯಿತು. ಈ ವಿಳಾಸಗಳನ್ನ ಘೋಷಿಸೋ ಹಕ್ಕು ಯಾವ ಜಾಲಕ್ಕಿದೆ, ಎಷ್ಟು ಸಣ್ಣ ತುಂಡಿನವರೆಗೆ ಘೋಷಿಸಬಹುದು ಅಂತ ಮಾಲೀಕರು ಡಿಜಿಟಲ್ ಸಹಿ ಹಾಕಿಡ್ತಾರೆ. ಸಹಿಗೆ ಹೊಂದದ ರೂಟನ್ನ ಉಳಿದವರು ತಿರಸ್ಕರಿಸಬಹುದು. ಆದರೆ ಪರೀಕ್ಷಿಸೋ ಜಾಲಕ್ಕಷ್ಟೇ ರಕ್ಷಣೆ. ಪರೀಕ್ಷಿಸದವರು ಇವತ್ತೂ ಕೇಳಿದ್ದನ್ನೆಲ್ಲ ನಂಬ್ತಾರೆ.

ಗಮನಿಸಿ, ಸರ್ಕಾರದ ಆದೇಶ ಒಂದು ದೇಶಕ್ಕೆ ಸೀಮಿತವಾಗಿತ್ತು. ರೂಟರ್‌ಗೆ ಆ ಗಡಿ ಗೊತ್ತಿರಲಿಲ್ಲ. ಯಾವ ರೂಟ್ ಹೊರಗೆ ಹೋಗಬಾರದು, ಪಕ್ಕದ ಜಾಲದಿಂದ ಯಾವುದನ್ನ ಒಳಗೆ ಬಿಡಬಾರದು ಅಂತ ಫಿಲ್ಟರ್ ಬರೆದರಷ್ಟೇ ಅದಕ್ಕೆ ಗೊತ್ತಾಗೋದು. ಆವತ್ತು ಅಂಥ ಫಿಲ್ಟರ್ ಎರಡು ಕಡೆಯಲ್ಲಿ ಯಾವ ಕಡೆ ಇದ್ದಿದ್ದರೂ ಯಾರದೋ ವಿಡಿಯೋ ಮೇಲಿನ ಕೋಪಕ್ಕೆ ಇಡೀ ಜಗತ್ತು ಕಾಯಬೇಕಿರಲಿಲ್ಲ.

ಲ್ಯಾಬ್ ಪರೀಕ್ಷೆಯಲ್ಲಿ ಪಿಂಗ್ ಬಂದ ಕೂಡಲೇ ಎದ್ದು ಬರ್ತೀವಿ, ಅಲ್ವಾ? ಮುಂದಿನ ಸಲ ಇನ್ನೂ ಒಂದು ನಿಮಿಷ ಕೂತು, ನಿಮ್ಮ ರೂಟರ್ ಪಕ್ಕದವರಿಗೆ ಏನೇನು ಹೇಳ್ತಿದೆ ಅನ್ನೋದನ್ನೂ ನೋಡಿ.

#ಇಂಟರ್ನೆಟ್‌ಇತಿಹಾಸ #ಬಿಜಿಪಿ #ಕನ್ನಡದಲ್ಲಿತಂತ್ರಜ್ಞಾನ